ಹಸಿರು ಗುರುತನ್ನು ನಂಬಿ ಕಿರ್ದಿ ಕಳೆದುಕೊಂಡವರ ಅಹವಾಲು

ಮಾನ್ಯ ಸಂಪಾದಕರಿಗೆ,

ಗಂಗಾವತಿಯ ಅಡತಿ ಅಂಗಡಿಯೊಂದರಲ್ಲಿ 22 ವರ್ಷಗಳಿಂದ ಲೆಕ್ಕ ಬರೆಯುತ್ತಿರುವ ಗುಮಾಸ್ತ ನಾನು. ಮೊದಲ ಏಳು ವರ್ಷ ಕೆಂಪು ಬಟ್ಟೆಯ ರಟ್ಟು ಹಾಕಿದ ಕಿರ್ದಿ, ಖತಾವಣಿ ಪುಸ್ತಕಗಳಲ್ಲಿ ಬರೆದೆ. ಅಲ್ಲಿಂದೀಚೆಗೆ ಕಂಪ್ಯೂಟರಿನಲ್ಲಿ ಟ್ಯಾಲಿ ಎಂಬ ಲೆಕ್ಕ ಬರೆಯುವ ಸಾಫ್ಟ್‌ವೇರ್ ಬಳಸುತ್ತಿದ್ದೇನೆ. ನಮ್ಮ ಮಾರುಕಟ್ಟೆಯಲ್ಲಾಗಲಿ, ಕಚೇರಿ, ಆಸ್ಪತ್ರೆ, ಕಾಲೇಜು, ಜೆರಾಕ್ಸ್ ಅಂಗಡಿಗಳಲ್ಲಾಗಲಿ ಕಂಪ್ಯೂಟರ್ ಸುರಕ್ಷತೆಯ ಮಾತು ಬಂದಾಗಲೆಲ್ಲ ‘ಆಂಟಿವೈರಸ್ ಹಾಕಿಸಿದ್ದೇವೆ’ ಎಂಬ ಒಂದೇ ಉತ್ತರ ಕೇಳಿಬರುತ್ತದೆ. ನಾನೂ ಅದೇ ಉತ್ತರ ಕೊಡುತ್ತಿದ್ದವನು. ಆ ಉತ್ತರ ಎಷ್ಟು ಅರ್ಧಂಬರ್ಧ ಎಂಬುದು ನಮಗೆ ತಿಳಿದದ್ದು ಕಳೆದ ಸುಗ್ಗಿಯಲ್ಲಿ, ದೊಡ್ಡ ನಷ್ಟ ಅನುಭವಿಸಿದ ಮೇಲೆ. ಬೇರೆಯವರಿಗೆ ಆ ಗತಿ ಬರಬಾರದೆಂದು ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ದೀರ್ಘವಾಗಿದ್ದರೂ ಪೂರ್ತಿಯಾಗಿ ಪ್ರಕಟಿಸಬೇಕೆಂದು ವಿನಂತಿ.

ಮುಂಗಾರು ಹಂಗಾಮಿನ ಭತ್ತ ಮಾರುಕಟ್ಟೆಗೆ ಬರುತ್ತಿದ್ದ ದಿನಗಳು ಅವು. ಸೋಮವಾರ ಬೆಳಿಗ್ಗೆ ಎಂದಿನಂತೆ ಲಕ್ಷ್ಮಿಯ ಫೋಟೊಕ್ಕೆ ಊದುಬತ್ತಿ ಹಚ್ಚಿ, ಅದನ್ನೇ ಕಂಪ್ಯೂಟರಿಗೂ ಬೆಳಗಿ ಕುಳಿತೆ. ಟ್ಯಾಲಿ ತೆರೆದುಕೊಂಡಿತು, ಆದರೆ ಅದರೊಳಗೆ ನಮ್ಮ ಅಂಗಡಿಯ ಹೆಸರೇ ಇರಲಿಲ್ಲ. ಡೇಟಾ ಇರುವ ಫೋಲ್ಡರ್ ತೆರೆದು ನೋಡಿದರೆ ಫೈಲುಗಳೆಲ್ಲ ಇದ್ದವು. ಪ್ರತಿಯೊಂದರ ಹೆಸರಿನ ಕೊನೆಗೂ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಬಾಲ ಅಂಟಿಕೊಂಡಿತ್ತು, ಒಂದೂ ತೆರೆಯುತ್ತಿರಲಿಲ್ಲ. ರೈತರ ಪಹಣಿಗಳ ಸ್ಕ್ಯಾನ್ ಪ್ರತಿಗಳು, ಮೂರು ವರ್ಷಗಳ ಪಟ್ಟಿಗಳು, ಸಾಹುಕಾರರ ಮಗಳ ಮದುವೆಯ ಫೋಟೊಗಳು, ಎಲ್ಲದರ ಗತಿಯೂ ಅದೇ ಆಗಿತ್ತು. ಪ್ರತಿ ಫೋಲ್ಡರಿನಲ್ಲೂ ಒಂದು ಚಿಕ್ಕ ಇಂಗ್ಲಿಷ್ ಪತ್ರವಿತ್ತು: ನಿಮ್ಮ ಫೈಲುಗಳಿಗೆ ಬೀಗ ಹಾಕಿದ್ದೇವೆ, ಕೀಲಿ ಬೇಕಾದರೆ ಬಿಟ್‌ಕಾಯಿನ್ ಮೂಲಕ ಹಣ ಕಳುಹಿಸಿ, ತಡಮಾಡಿದರೆ ಮೊತ್ತ ಏರುತ್ತದೆ. ಇಷ್ಟೆಲ್ಲ ಆಗಿದ್ದರೂ ಪರದೆಯ ಬಲಗಡೆಯ ಕೆಳಮೂಲೆಯಲ್ಲಿ ಆಂಟಿವೈರಸ್ಸಿನ ಹಸಿರು ಗುರುತು ಹಾಗೆಯೇ ಇತ್ತು. ಅದರ ಮೇಲೆ ಒತ್ತಿದಾಗ ಕಂಪ್ಯೂಟರ್ ಸುರಕ್ಷಿತವಾಗಿದೆ ಎಂಬ ಸಾಲು ಕಾಣಿಸಿತು. ಲೈಸೆನ್ಸ್ ಮುಗಿಯಲು ಇನ್ನೂ 214 ದಿನ ಬಾಕಿ ಇವೆ ಎಂಬ ಲೆಕ್ಕ ಅದರ ಕೆಳಗಿತ್ತು.

ಬ್ಯಾಕಪ್, ಅಂದರೆ ಫೈಲುಗಳ ಇನ್ನೊಂದು ನಕಲು, ಇರಲಿಲ್ಲವೆಂದಲ್ಲ. ದಿನವೂ ಸಂಜೆ ಅಂಗಡಿ ಮುಚ್ಚುವ ಮೊದಲು ಪೆನ್‌ಡ್ರೈವಿಗೆ ಬ್ಯಾಕಪ್ ತೆಗೆಯುವುದನ್ನು ನಾನು ತಪ್ಪಿಸಿದವನಲ್ಲ. ಆದರೆ ದಿನವೂ ತೆಗೆದು ಹಾಕುವುದೇಕೆಂದು ಆ ಪೆನ್‌ಡ್ರೈವನ್ನು ಸಿಪಿಯುವಿನ ಹಿಂಬದಿಗೆ ಸಿಕ್ಕಿಸಿ ಬಿಟ್ಟು ಹನ್ನೊಂದು ತಿಂಗಳಾಗಿತ್ತು. ಬಗ್ಗಿ ನೋಡಿದೆ, ಅದರ ನೀಲಿ ದೀಪ ಮಿನುಗುತ್ತಲೇ ಇತ್ತು. ಕಂಪ್ಯೂಟರಿಗೆ ಅಂಟಿಕೊಂಡೇ ಇದ್ದ ಅದರೊಳಗಿನ ಫೈಲುಗಳಿಗೂ ಅದೇ ಬಾಲ, ಅದೇ ಬೀಗ. ಆ ಕ್ಷಣದಲ್ಲಿ ಹೊರಗೆ ಹಮಾಲರು ಚೀಲ ಇಳಿಸುತ್ತಿದ್ದರು, ತೂಕದ ಚೀಟಿ ಹಿಡಿದು ನಾಲ್ಕು ಮಂದಿ ರೈತರು ಮೆಟ್ಟಿಲ ಮೇಲೆ ಕಾಯುತ್ತಿದ್ದರು. ಅವರಿಗೆ ಕೊಡಬೇಕಾದ ಹಣ ಎಷ್ಟು, ಅವರು ಪಡೆದಿದ್ದ ಮುಂಗಡ ಎಷ್ಟು ಎಂಬುದನ್ನು ಹೇಳಲು ನನ್ನ ಬಳಿ ಏನೂ ಉಳಿದಿರಲಿಲ್ಲ.

ಅನಂತರದ 19 ದಿನ ನಾವು ನಾಲ್ವರು ಕಾಗದದ ಚೂರುಗಳಿಂದ ಲೆಕ್ಕವನ್ನು ಮತ್ತೆ ಕಟ್ಟಿದೆವು. ವೇ-ಬ್ರಿಡ್ಜ್ ಚೀಟಿಗಳು, ಹಮಾಲಿ ಚೀಟಿಗಳು, ಬ್ಯಾಂಕಿನ ಸ್ಟೇಟ್‌ಮೆಂಟುಗಳು, ಎಪಿಎಂಸಿಯ ದಾಖಲೆಗಳು, ಅಕ್ಕಿ ಗಿರಣಿಯವರ ಪುಸ್ತಕಗಳು, ಹೀಗೆ ಎಲ್ಲಿ ಏನು ಸಿಕ್ಕಿತೋ ಅದನ್ನು ಹರಡಿಕೊಂಡು ರಾತ್ರಿ ಹನ್ನೊಂದರವರೆಗೆ ಕುಳಿತೆವು. ಕಾರಟಗಿ ಕಡೆಯ ಹಿರಿಯ ರೈತರೊಬ್ಬರು ವಿಷಯ ಕೇಳಿದವರೇ ಅಂಗಿಯ ಒಳಜೇಬಿನಿಂದ ಪ್ಲಾಸ್ಟಿಕ್ ಚೀಲದಲ್ಲಿ ಮಡಿಸಿಟ್ಟ ಪಟ್ಟಿಗಳನ್ನು ತೆಗೆದು, ‘ನಿಮ್ಮ ಡಬ್ಬಿಯಾಗಿನ ಲೆಕ್ಕ ಹೋದ್ರ ಹೋಗ್ಲಿ ಬಿಡ್ರಿ, ನನ್ನ ಕಿಸೆದಾಗ ಐತಿ’ ಎಂದು ಮೇಜಿನ ಮೇಲೆ ಇಟ್ಟರು. ಅದರಲ್ಲಿ ಅವರು ಪಡೆದಿದ್ದ ಮುಂಗಡದ ಚೀಟಿಯೂ ಇತ್ತು. ಅದನ್ನು ತೋರಿಸದಿದ್ದರೆ ಕೇಳುವವರು ಯಾರೂ ಇರಲಿಲ್ಲ. ಅವರ ಪ್ರಾಮಾಣಿಕತೆಯಿಂದ ನಮ್ಮ ಲೆಕ್ಕ ಬಹುಪಾಲು ಉಳಿಯಿತು. ಆದರೂ ಆರು ಖಾತೆಗಳು ಇಂದಿಗೂ ತಾಳೆಯಾಗಿಲ್ಲ, ಅದರಲ್ಲಿ ಎರಡರ ವಿಷಯದಲ್ಲಿ ದಶಕಗಳ ವಿಶ್ವಾಸವೇ ಕೆಟ್ಟಿದೆ. ಹಣದ ನಷ್ಟಕ್ಕಿಂತ ಇದೇ ನನ್ನನ್ನು ಹೆಚ್ಚು ಬಾಧಿಸುತ್ತಿದೆ.

ಕಳ್ಳ ಒಳಗೆ ಬಂದದ್ದು ಹೇಗೆ ಎಂಬುದನ್ನು ಹೊಸಪೇಟೆಯಿಂದ ಬಂದ ತಂತ್ರಜ್ಞರೊಬ್ಬರು ಅರ್ಧ ದಿನ ಕುಳಿತು ನಮಗೆ ತೋರಿಸಿಕೊಟ್ಟರು. ಸಾಹುಕಾರರ ಮಗ ಬೆಂಗಳೂರಿನಲ್ಲಿದ್ದಾರೆ. ಅವರು ಅಲ್ಲಿಂದಲೇ ಲೆಕ್ಕ ನೋಡಲು ಅನುಕೂಲವಾಗಲೆಂದು ಎರಡು ವರ್ಷಗಳ ಹಿಂದೆ ರಿಮೋಟ್ ಡೆಸ್ಕ್‌ಟಾಪ್ ವ್ಯವಸ್ಥೆ ಮಾಡಿಸಿ, ಇಂಟರ್ನೆಟ್ಟಿನಿಂದ ನೇರವಾಗಿ ನಮ್ಮ ಕಂಪ್ಯೂಟರಿಗೆ ಬರುವ ದಾರಿಯನ್ನು ರೌಟರಿನಲ್ಲಿ ತೆರೆಸಿಡಲಾಗಿತ್ತು. ಅದಕ್ಕೆ ಪಾಸ್‌ವರ್ಡ್ ಇಟ್ಟವನು ನಾನು: ಅಂಗಡಿಯ ಹೆಸರು, ಅದರ ಮುಂದೆ 123. ಇಂತಹ ತೆರೆದ ದಾರಿಗಳನ್ನು ಹುಡುಕಿ, ಸಾವಿರಾರು ಪಾಸ್‌ವರ್ಡುಗಳನ್ನು ಒಂದಾದ ಮೇಲೊಂದರಂತೆ ಪ್ರಯೋಗಿಸಿ ನೋಡುವ ಪ್ರೋಗ್ರಾಮುಗಳು ಹಗಲಿರುಳು ಕೆಲಸ ಮಾಡುತ್ತಿರುತ್ತವೆ. ವಿಂಡೋಸ್ ಇಟ್ಟುಕೊಳ್ಳುವ ದಾಖಲೆಯಲ್ಲಿ ತಪ್ಪು ಪ್ರಯತ್ನಗಳು ಸಾಲುಸಾಲಾಗಿ ಕಾಣಿಸಿದವು, ಕೊನೆಗೆ ಭಾನುವಾರ ರಾತ್ರಿ ಎರಡು ಗಂಟೆಯ ಹೊತ್ತಿಗೆ ನನ್ನದೇ ಹೆಸರಿನಲ್ಲಿ ಒಂದು ಯಶಸ್ವಿ ಲಾಗಿನ್ ಆಗಿತ್ತು. ನಾನು ಆ ಹೊತ್ತಿನಲ್ಲಿ ಮನೆಯಲ್ಲಿ ಮಲಗಿದ್ದೆ. ಒಳಗೆ ಬಂದವರು ಮೊದಲು ಆಂಟಿವೈರಸ್ ತೆರೆದು, ಇಂತಿಂಥ ಜಾಗಗಳನ್ನು ತಪಾಸಣೆ ಮಾಡಬೇಡ ಎಂದು ಅದಕ್ಕೆ ಸೂಚನೆ ಕೊಟ್ಟು, ಅನಂತರ ಬೀಗ ಹಾಕುವ ಪ್ರೋಗ್ರಾಮನ್ನು ಆ ಜಾಗದಿಂದಲೇ ನಡೆಸಿದ್ದರು. ಆಂಟಿವೈರಸ್ಸಿನ ದೃಷ್ಟಿಯಲ್ಲಿ ಅದು ಅಂಗಡಿಯ ಗುಮಾಸ್ತನೇ ಸರಿಯಾದ ಪಾಸ್‌ವರ್ಡ್ ಕೊಟ್ಟು, ತನಗಿರುವ ಅಧಿಕಾರ ಬಳಸಿ ಕೊಟ್ಟ ಆಜ್ಞೆ. ಯಜಮಾನನ ಕೀಲಿಕೈ ಹಿಡಿದು ಮುಂಬಾಗಿಲಿನಿಂದ ಬಂದವನನ್ನು ಕಾವಲುಗಾರ ತಡೆಯುವುದಾದರೂ ಹೇಗೆ? ಹಸಿರು ಗುರುತು ಹಸಿರಾಗಿಯೇ ಉಳಿದದ್ದಕ್ಕೆ ಕಾರಣ ಇದು.

ಈ ಘಟನೆಯ ನಂತರ ನಾನು ಸಿಕ್ಕಿದ್ದನ್ನೆಲ್ಲ ಓದಿದೆ, ತಿಳಿದವರನ್ನು ಕೇಳಿದೆ. ನನಗೆ ಅರ್ಥವಾದ ಮಟ್ಟಿಗೆ, ಆಂಟಿವೈರಸ್ ಕೆಲಸ ಮಾಡುವ ಕ್ರಮ ಪೊಲೀಸ್ ಠಾಣೆಯಲ್ಲಿ ಹಳೆಯ ಕಳ್ಳರ ಫೋಟೊ, ಬೆರಳಚ್ಚು ಇಟ್ಟುಕೊಂಡಂತೆ. ಎಲ್ಲೋ ಒಂದು ಕಡೆ ಹೊಸ ವೈರಸ್ ಸಿಕ್ಕ ಮೇಲೆ ಕಂಪನಿಯವರು ಅದನ್ನು ಬಿಡಿಸಿ ನೋಡಿ, ಅದರ ಗುರುತನ್ನು ಪಟ್ಟಿಗೆ ಸೇರಿಸಿ, ಆ ಪಟ್ಟಿಯನ್ನು ನಮ್ಮ ಕಂಪ್ಯೂಟರಿಗೆ ಕಳುಹಿಸುತ್ತಾರೆ; ದಿನವೂ ಅಪ್‌ಡೇಟ್ ಆಗಬೇಕು ಎನ್ನುವುದು ಇದಕ್ಕಾಗಿಯೇ. ಪಟ್ಟಿಗೆ ಸೇರುವ ಮೊದಲೇ ನಮ್ಮ ಮನೆಗೆ ಬಂದ ಕಳ್ಳನ ಗುರುತು ಅದರಲ್ಲಿ ಇರುವುದಿಲ್ಲ. ಹಳೆಯ ವೈರಸ್ಸನ್ನೇ ಬೇರೆ ರೀತಿಯಲ್ಲಿ ಕಟ್ಟಿ, ಸಂಕೇತಗಳನ್ನು ಅಲ್ಲಲ್ಲಿ ಬದಲಿಸಿ ಕಳುಹಿಸಿದರೂ ಗುರುತು ತಪ್ಪಿಹೋಗುತ್ತದೆ. ಈ ಕೊರತೆ ತುಂಬಲು ಈಗಿನ ಆಂಟಿವೈರಸ್‌ಗಳು ಪ್ರೋಗ್ರಾಮುಗಳ ನಡತೆಯನ್ನೂ ಗಮನಿಸುತ್ತವೆ: ಯಾವುದಾದರೂ ಒಂದು ಪ್ರೋಗ್ರಾಮು ಏಕಾಏಕಿ ನೂರಾರು ಫೈಲುಗಳನ್ನು ಬದಲಿಸತೊಡಗಿದರೆ ಅನುಮಾನಿಸಿ ತಡೆಯುತ್ತವೆ. ಇದು ನಿಜಕ್ಕೂ ದೊಡ್ಡ ಸುಧಾರಣೆ, ಎಷ್ಟೋ ಕಡೆ ಇದರಿಂದ ಅನಾಹುತ ತಪ್ಪಿದೆ. ಆದರೆ ಬ್ಯಾಕಪ್ ಪ್ರೋಗ್ರಾಮೂ ನೂರಾರು ಫೈಲುಗಳನ್ನು ಮುಟ್ಟುತ್ತದೆ, ಜಿಪ್ ಮಾಡುವ ಪ್ರೋಗ್ರಾಮೂ ಮುಟ್ಟುತ್ತದೆ. ಅನುಮಾನ ಹೆಚ್ಚು ಮಾಡಿದರೆ ಸಜ್ಜನರನ್ನು ಹಿಡಿಯುತ್ತದೆ, ಕಡಿಮೆ ಮಾಡಿದರೆ ಕಳ್ಳರನ್ನು ಬಿಡುತ್ತದೆ.

ಇದನ್ನು ಯಾವುದೋ ಒಂದು ಕಂಪನಿಯ ಅಸಡ್ಡೆ ಎಂದು ತಿಳಿಯುವಂತಿಲ್ಲ ಎಂಬುದೇ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡ ಸಂಗತಿ. ಅಮೆರಿಕದ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಫ್ರೆಡ್ ಕೋಹೆನ್ ಎಂಬ ವಿದ್ಯಾರ್ಥಿ 1983ರಲ್ಲಿ ತನ್ನನ್ನು ತಾನೇ ಬೇರೆ ಪ್ರೋಗ್ರಾಮುಗಳಿಗೆ ಅಂಟಿಸಿಕೊಂಡು ಹರಡುವ ಪ್ರೋಗ್ರಾಮನ್ನು ಬರೆದು ತೋರಿಸಿದರು. ಅವರ ಪ್ರಾಧ್ಯಾಪಕರಾದ ಲಿಯೊನಾರ್ಡ್ ಏಡಲ್‌ಮನ್ ಅದಕ್ಕೆ ‘ವೈರಸ್’ ಎಂಬ ಹೆಸರು ಸೂಚಿಸಿದರು. ಮರುವರ್ಷ, ಅಂದರೆ 1984ರಲ್ಲಿ, ಮಂಡಿಸಿದ ಪ್ರಬಂಧದಲ್ಲಿ ಕೋಹೆನ್ ಒಂದು ತರ್ಕವನ್ನು ಮುಂದಿಟ್ಟರು. ಯಾವ ಪ್ರೋಗ್ರಾಮನ್ನು ಕೊಟ್ಟರೂ ಅದು ವೈರಸ್ಸೋ ಅಲ್ಲವೋ ಎಂದು ತಪ್ಪದೆ ಹೇಳುವ ಒಬ್ಬ ಪರೀಕ್ಷಕ ಇದ್ದಾನೆಂದು ಇಟ್ಟುಕೊಳ್ಳೋಣ. ಆಗ ಒಬ್ಬ ಕುತಂತ್ರಿ ತನ್ನ ಪ್ರೋಗ್ರಾಮಿನ ಒಳಗೇ ಆ ಪರೀಕ್ಷಕನನ್ನು ಕೂರಿಸಿ, ‘ನಾನು ವೈರಸ್ಸೇ?’ ಎಂದು ಕೇಳಿಸಬಹುದು. ಪರೀಕ್ಷಕ ಹೌದು ಎಂದರೆ ಆ ಪ್ರೋಗ್ರಾಮು ಹರಡದೆ ಸುಮ್ಮನಿರುತ್ತದೆ, ಅಲ್ಲ ಎಂದರೆ ಹರಡುತ್ತದೆ. ಎರಡರಲ್ಲಿ ಯಾವ ಉತ್ತರ ಕೊಟ್ಟರೂ ಪರೀಕ್ಷಕ ಹೇಳಿದ್ದು ಸುಳ್ಳಾಗುತ್ತದೆ. ಆದ್ದರಿಂದ ಎಲ್ಲ ವೈರಸ್‌ಗಳನ್ನೂ ತಪ್ಪದೆ ಹಿಡಿಯುವ ಪ್ರೋಗ್ರಾಮು ಇರಲು ಸಾಧ್ಯವೇ ಇಲ್ಲ. ಕೆಲವು ಪ್ರಶ್ನೆಗಳಿಗೆ ಯಾವ ಯಂತ್ರವೂ ತಪ್ಪದೆ ಉತ್ತರಿಸಲಾರದು ಎಂದು ಕಂಪ್ಯೂಟರುಗಳೇ ಇಲ್ಲದ 1936ರಲ್ಲಿ ಅಲನ್ ಟ್ಯೂರಿಂಗ್ ಎಂಬ ಗಣಿತಜ್ಞರು ತೋರಿಸಿಕೊಟ್ಟ ಮಿತಿಯ ಜಾತಿಗೆ ಸೇರಿದ ಮಾತು ಇದು. ಹಣ ಸುರಿದರೆ, ಎಂಜಿನಿಯರುಗಳ ಸಂಖ್ಯೆ ಹೆಚ್ಚಿಸಿದರೆ ಈ ಮಿತಿ ಕರಗುವುದಿಲ್ಲ. ಹೀಗಿರುವಾಗ ಪೆಟ್ಟಿಗೆಯ ಮೇಲೆ ‘ಸಂಪೂರ್ಣ ರಕ್ಷಣೆ’ ಎಂದು ಅಚ್ಚು ಹಾಕಿ ಮಾರುವುದು ಗ್ರಾಹಕರಿಗೆ ಮಾಡುವ ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳಬೇಕು. ಬೀಗ ಬಿದ್ದ ಮೇಲಾದರೂ ಆಂಟಿವೈರಸ್ ಅದನ್ನು ತೆಗೆಯಬಲ್ಲದು ಎಂದು ನಮ್ಮ ಅಂಗಡಿಗೆ ಬಂದು ಧೈರ್ಯ ಹೇಳಿದವರು ಹಲವರು. ಅದು ಹಾಗಲ್ಲ. ವೈರಸ್ಸನ್ನು ಅಳಿಸಬಹುದು, ಆದರೆ ಅದು ಹಾಕಿಹೋದ ಬೀಗ ಉಳಿಯುತ್ತದೆ. ಮೇಲೆ ಹೇಳಿದ ಏಡಲ್‌ಮನ್ ಅವರೇ ರಿವೆಸ್ಟ್ ಮತ್ತು ಶಮೀರ್ ಎಂಬ ಇಬ್ಬರ ಜತೆಗೂಡಿ 1977ರಲ್ಲಿ ರೂಪಿಸಿದ ಆರ್‌ಎಸ್‌ಎ ಎಂಬ ಗೂಢಲಿಪಿ ವಿಧಾನದಲ್ಲಿ ಬೀಗ ಹಾಕುವ ಕೀಲಿ ಒಂದು, ತೆಗೆಯುವ ಕೀಲಿ ಮತ್ತೊಂದು. ನಮ್ಮ ಬ್ಯಾಂಕ್ ವ್ಯವಹಾರಗಳನ್ನು ಕಾಪಾಡಲು ನೆರವಾದ ಆ ವಿಧಾನವನ್ನೇ ಈ ಸುಲಿಗೆಕೋರರೂ ಬಳಸುತ್ತಾರೆ. ತೆಗೆಯುವ ಕೀಲಿ ನಮ್ಮ ಕಂಪ್ಯೂಟರಿನಲ್ಲಿ ಇರುವುದೇ ಇಲ್ಲ, ಅವರ ಬಳಿ ಇರುತ್ತದೆ. ಯುರೋಪಿನ ಪೊಲೀಸರು ಮತ್ತು ಕೆಲವು ಸುರಕ್ಷತಾ ಕಂಪನಿಗಳು ಸೇರಿ 2016ರಲ್ಲಿ ಆರಂಭಿಸಿದ ‘ನೋ ಮೋರ್ ರ‍್ಯಾನ್ಸಮ್’ ಎಂಬ ಯೋಜನೆಯಲ್ಲಿ ಕೆಲವು ಬಗೆಯ ಬೀಗಗಳಿಗೆ ಉಚಿತವಾಗಿ ಕೀಲಿ ಸಿಗುತ್ತದೆ. ನಾವು ಅಲ್ಲಿ ಪ್ರಯತ್ನಿಸಿದೆವು, ನಮಗೆ ಬಿದ್ದ ಬೀಗದ ಕೀಲಿ ಅಲ್ಲಿರಲಿಲ್ಲ. ಇಂತಹ ಪರಿಸ್ಥಿತಿಗೆ ಬಂದವರು ಹತಾಶರಾಗಿ ಹಣ ಕಳುಹಿಸುವ ಮೊದಲು ಅಲ್ಲೊಮ್ಮೆ ನೋಡಲೇಬೇಕು. ನಾವಂತೂ ಹಣ ಕಳುಹಿಸಲಿಲ್ಲ. ಕೊಟ್ಟರೂ ಕೀಲಿ ಬರುತ್ತದೆಂಬ ಖಾತ್ರಿ ಇಲ್ಲ, ಕೊಟ್ಟವರನ್ನು ಮತ್ತೆ ಹಿಡಿಯುವುದಿಲ್ಲವೆಂಬ ಖಾತ್ರಿಯೂ ಇಲ್ಲ.

ವೈರಸ್‌ಗಳ ಸ್ವರೂಪವೇ ಬದಲಾಗಿರುವುದನ್ನು ನಾವು ಗಮನಿಸಿಲ್ಲ. 1986ರಲ್ಲಿ ಲಾಹೋರಿನ ಇಬ್ಬರು ಸಹೋದರರು ಬರೆದ ‘ಬ್ರೇನ್’ ಎಂಬ ವೈರಸ್ ಫ್ಲಾಪಿಗಳ ಮೂಲಕ ಜಗತ್ತನ್ನೆಲ್ಲ ಸುತ್ತಿತು. ಅದರೊಳಗೆ ಆ ಸಹೋದರರು ತಮ್ಮ ಹೆಸರು, ಅಂಗಡಿಯ ವಿಳಾಸ, ಫೋನ್ ನಂಬರುಗಳನ್ನೇ ಬರೆದಿದ್ದರು. ಇಂದು ಇದು ಮುಖ ತೋರದ ಸುಲಿಗೆಯ ದಂಧೆ. 2017ರ ಮೇ 12ರಂದು ‘ವನ್ನಾಕ್ರೈ’ ದಾಳಿ ಸುಮಾರು 150 ದೇಶಗಳ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳಿಗೆ ಬೀಗ ಹಾಕಿತು, ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳು ರೋಗಿಗಳನ್ನು ವಾಪಸು ಕಳುಹಿಸಬೇಕಾಯಿತು. ಆ ದಾಳಿ ನುಸುಳಿದ ಬಿರುಕನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಅದೇ ವರ್ಷದ ಮಾರ್ಚ್ 14ರಂದೇ ಬಿಡುಗಡೆ ಮಾಡಿತ್ತು. ನಡುವೆ 59 ದಿನಗಳಿದ್ದವು. ಯಾವ ಆಂಟಿವೈರಸ್ಸನ್ನೂ ಕೊಳ್ಳದೆ, ಆ ಉಚಿತ ಅಪ್‌ಡೇಟನ್ನು ಹಾಕಿಕೊಂಡಿದ್ದವರ ಕಂಪ್ಯೂಟರಿಗೆ ಅದು ಆ ಬಿರುಕಿನಿಂದ ಹರಡಿ ಬರಲು ಆಗುತ್ತಿರಲಿಲ್ಲ.

ದೆಹಲಿಯ ಏಮ್ಸ್ ಆಸ್ಪತ್ರೆಯ ಮೇಲೆ 2022ರ ನವೆಂಬರ್ 23ರಂದು ನಡೆದ ದಾಳಿಯನ್ನು ನಮ್ಮವರು ಮರೆತಿರಲಾರರು. ಐದು ಸರ್ವರುಗಳ ಸುಮಾರು 1.3 ಟೆರಾಬೈಟ್ ಮಾಹಿತಿಗೆ ಬೀಗ ಬಿದ್ದಿತ್ತು ಎಂದು ಸರ್ಕಾರವೇ ಸಂಸತ್ತಿನಲ್ಲಿ ತಿಳಿಸಿತು. ದೇಶದ ದೊಡ್ಡ ಆಸ್ಪತ್ರೆಗಳಲ್ಲಿ ಒಂದಾದ ಅಲ್ಲಿ ಹೊರರೋಗಿಗಳ ನೋಂದಣಿಯಿಂದ ಹಿಡಿದು ಪ್ರಯೋಗಾಲಯದ ವರದಿಯವರೆಗೆ ಎಲ್ಲವನ್ನೂ ದಿನಗಟ್ಟಲೆ ಕೈಯಲ್ಲಿ ಬರೆಯಬೇಕಾಯಿತು. ಕೊನೆಗೆ ಆ ಮಾಹಿತಿ ಮರಳಿ ಸಿಕ್ಕಿದ್ದು ದಾಳಿಗೆ ಸಿಲುಕದೆ ಉಳಿದಿದ್ದ ಒಂದು ಬ್ಯಾಕಪ್ ಸರ್ವರಿನಿಂದ. ನನ್ನ ಪೆನ್‌ಡ್ರೈವ್ ಬೇರೆಯಾಗಿ ಬೀರುವಿನಲ್ಲಿ ಇದ್ದಿದ್ದರೆ ನಮಗೂ ಅದೇ ಸಿಗುತ್ತಿತ್ತು ಎಂಬುದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ಆಂಟಿವೈರಸ್ಸೇ ತೊಂದರೆ ಮಾಡಿದ ಪ್ರಸಂಗಗಳೂ ಇವೆ. 2010ರ ಏಪ್ರಿಲ್ 21ರಂದು ಮೆಕಾಫಿ ಎಂಬ ಆಂಟಿವೈರಸ್ಸಿನ ಒಂದು ಅಪ್‌ಡೇಟ್ ವಿಂಡೋಸ್ ಎಕ್ಸ್‌ಪಿಯ ಸ್ವಂತ ಫೈಲನ್ನೇ ವೈರಸ್ ಎಂದು ತಿಳಿದು ತೆಗೆದುಹಾಕಿ ಅಸಂಖ್ಯ ಕಂಪ್ಯೂಟರುಗಳನ್ನು ಕೆಡಿಸಿತು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಸುರಕ್ಷತಾ ಸಾಫ್ಟ್‌ವೇರಿನ ದೋಷಪೂರ್ಣ ಅಪ್‌ಡೇಟಿನಿಂದ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ನಿಂತುಬಿಟ್ಟವು, ವಿಮಾನಗಳು ರದ್ದಾದವು. ಕಾವಲುಗಾರನಿಗೆ ಮನೆಯ ಎಲ್ಲ ಕೋಣೆಗಳ ಅಧಿಕಾರ ಕೊಟ್ಟಿರುವುದರಿಂದ ಅವನು ಎಡವಿದರೂ ಮನೆಯೇ ಅಲುಗುತ್ತದೆ. ಹಾಗೆಂದು ಆಂಟಿವೈರಸ್ ತೆಗೆದುಹಾಕಿ ಎಂದು ನಾನು ಖಂಡಿತ ಹೇಳುತ್ತಿಲ್ಲ. ನನ್ನ ಅಕ್ಕನ ಮಗನದು ಬಸ್ ನಿಲ್ದಾಣದ ಬಳಿ ಜೆರಾಕ್ಸ್ ಅಂಗಡಿ. ಅಲ್ಲಿಗೆ ಬರುವ ವಿದ್ಯಾರ್ಥಿಗಳ ಪೆನ್‌ಡ್ರೈವುಗಳಲ್ಲಿ ಫೋಲ್ಡರುಗಳನ್ನು ಮುಚ್ಚಿಟ್ಟು ಶಾರ್ಟ್‌ಕಟ್ ಮಾತ್ರ ತೋರಿಸುವ ಹಳೆಯ ವೈರಸ್ ವಾರದಲ್ಲಿ ನಾಲ್ಕಾರು ಬಾರಿ ಸಿಕ್ಕಿಬೀಳುತ್ತದೆ, ಆಂಟಿವೈರಸ್ ಅದನ್ನು ಕೂಡಲೇ ಹಿಡಿದು ಹಾಕುತ್ತದೆ. ಹಣ ಕೊಟ್ಟು ಕೊಳ್ಳಲಾಗದವರಿಗೆ ವಿಂಡೋಸ್ 8ರಿಂದ ಈಚಿನ ವಿಂಡೋಸ್‌ಗಳಲ್ಲಿ ಡಿಫೆಂಡರ್ ಎಂಬ ಆಂಟಿವೈರಸ್ ಜೊತೆಗೇ ಬರುತ್ತದೆ. ಅದನ್ನು ಚಾಲೂ ಇಟ್ಟುಕೊಂಡರೆ ತಿಳಿದ ಕಳ್ಳರಿಂದ ಒಳ್ಳೆಯ ರಕ್ಷಣೆಯೇ ಸಿಗುತ್ತದೆ.

ಆದರೆ ಅದನ್ನು ಚಾಲೂ ಇಡಲು ನಾವೇ ಬಿಡುವುದಿಲ್ಲ. ನಮ್ಮ ಭಾಗದಲ್ಲಿ ಕಂಪ್ಯೂಟರ್ ಕೊಳ್ಳುವಾಗ ವಿಂಡೋಸಿನ ಹಣ ಉಳಿಸುವುದು ರೂಢಿಯಾಗಿಬಿಟ್ಟಿದೆ. ಮೆಕ್ಯಾನಿಕ್ ಹುಡುಗ ತನ್ನ ಪೆನ್‌ಡ್ರೈವಿನಿಂದ ಕಳ್ಳ ವಿಂಡೋಸ್ ಹಾಕುತ್ತಾನೆ, ಅದನ್ನು ಅಸಲಿಯಂತೆ ಮಾಡಲು ‘ಕ್ರ್ಯಾಕ್’ ಎಂಬ ಸಣ್ಣ ಪ್ರೋಗ್ರಾಮು ನಡೆಸುತ್ತಾನೆ. ಆಂಟಿವೈರಸ್ ಆ ಕ್ರ್ಯಾಕನ್ನು ಹಿಡಿಯುತ್ತದೆ. ಆಗ ಅವನು ಮಾಡುವ ಮೊದಲ ಕೆಲಸವೆಂದರೆ ಆಂಟಿವೈರಸ್ಸನ್ನು ಐದು ನಿಮಿಷ ಬಂದ್ ಮಾಡುವುದು. ಎಷ್ಟೋ ಬಾರಿ ಮತ್ತೆ ಚಾಲೂ ಮಾಡಲು ಮರೆಯುತ್ತಾನೆ, ಇಲ್ಲವೇ ಸಿ ಡ್ರೈವ್ ಪೂರ್ತಿಯನ್ನೂ ತಪಾಸಣೆಯಿಂದ ಹೊರಗಿಟ್ಟು ಹೋಗುತ್ತಾನೆ. ಇದನ್ನು ನಾನು ನಮ್ಮ ಬೀದಿಯ ಮೂರು ಅಂಗಡಿಗಳಲ್ಲಿ ಕಣ್ಣಾರೆ ಕಂಡಿದ್ದೇನೆ. ಆ ಕ್ರ್ಯಾಕ್ ಬರೆದವರು ಯಾರು, ಅದರೊಳಗೆ ಇನ್ನೇನು ತುಂಬಿದ್ದಾರೆ ಎಂಬುದನ್ನು ಆ ಹುಡುಗನೂ ಅರಿಯ, ಹಾಕಿಸಿಕೊಂಡವರೂ ಅರಿಯರು. ಕಳ್ಳ ವಿಂಡೋಸಿಗೆ ತೊಂದರೆಯಾದೀತೆಂದು ಅಪ್‌ಡೇಟನ್ನೂ ನಿಲ್ಲಿಸಿರುತ್ತಾರೆ. ಹೀಗೆ ಬಿರುಕುಗಳು ವರ್ಷಗಟ್ಟಲೆ ತೆರೆದೇ ಇರುತ್ತವೆ. ಇನ್ನು ವಿಂಡೋಸ್ 7ಕ್ಕೆ ಸಾಮಾನ್ಯ ಬಳಕೆದಾರರ ಅಪ್‌ಡೇಟುಗಳು ನಿಂತದ್ದು 2020ರ ಜನವರಿ 14ಕ್ಕೆ. ವೇ-ಬ್ರಿಡ್ಜಿನ ಸಾಫ್ಟ್‌ವೇರ್ ಅದರಲ್ಲೇ ನಡೆಯುತ್ತದೆ, ಹಳೆಯ ಕನ್ನಡ ಫಾಂಟಿನ ಫೈಲುಗಳು ಅದರಲ್ಲೇ ತೆರೆಯುತ್ತವೆ ಎಂಬ ಕಾರಣಕ್ಕೆ ಅಂತಹ ಕಂಪ್ಯೂಟರುಗಳು ನಮ್ಮಲ್ಲಿ ಇನ್ನೂ ದುಡಿಯುತ್ತಿವೆ. ಅವು ಬೇಕೇ ಬೇಕಾದರೆ ಇಂಟರ್ನೆಟ್ ತಂತಿ ಕಿತ್ತು ಬಳಸಬೇಕು. ವಿಂಡೋಸ್ 10ಕ್ಕೂ 2025ರ ಅಕ್ಟೋಬರ್ 14ಕ್ಕೆ ಸಾಮಾನ್ಯ ಬೆಂಬಲ ಮುಗಿದಿರುವುದರಿಂದ ಈ ಸಮಸ್ಯೆ ದೊಡ್ಡದಾಗಲಿದೆ.

ರೈತರ ಕೈಯಲ್ಲಿರುವ ಮೊಬೈಲಿನ ವಿಷಯವೂ ಇದಕ್ಕಿಂತ ಬೇರೆಯಲ್ಲ. ಕಿಸಾನ್ ಸಮ್ಮಾನ್ ಹಣದ ಹೆಸರಿನಲ್ಲಿ, ಮದುವೆಯ ಕರೆಯೋಲೆಯ ಹೆಸರಿನಲ್ಲಿ, ವಾಹನದ ದಂಡದ ಹೆಸರಿನಲ್ಲಿ ವಾಟ್ಸ್ಆ್ಯಪ್‌ಗೆ ಬರುವ ಎಪಿಕೆ ಫೈಲನ್ನು, ಅಂದರೆ ಒತ್ತಿದರೆ ಮೊಬೈಲಿಗೆ ಆ್ಯಪ್ ಹಾಕುವ ಫೈಲನ್ನು, ಒತ್ತಿ, ಅದು ಕೇಳುವ ಅನುಮತಿಗಳನ್ನೆಲ್ಲ ಕೊಟ್ಟರೆ, ಬ್ಯಾಂಕಿನಿಂದ ಬರುವ ಒಟಿಪಿ ಕಳ್ಳರ ಕೈಗೆ ಹೋಗುತ್ತದೆ. ಅನುಮತಿ ಕೊಟ್ಟವರು ನಾವೇ ಆದ್ದರಿಂದ ಮೊಬೈಲಿನ ಆಂಟಿವೈರಸ್ ಅಲ್ಲಿ ಬಹಳಷ್ಟು ಸಲ ಅಸಹಾಯಕ. ಆ್ಯಪ್ ಬೇಕಾದರೆ ಪ್ಲೇ ಸ್ಟೋರಿನಿಂದಲೇ ಹಾಕಿಕೊಳ್ಳಬೇಕು, ಪರಿಚಿತರ ನಂಬರಿನಿಂದ ಬಂದಿದ್ದರೂ ಎಪಿಕೆ ಫೈಲನ್ನು ಮುಟ್ಟಬಾರದು.

ನಮ್ಮ ವ್ಯಾಪಾರಿಗಳಲ್ಲಿ ಒಂದು ಅಂಜಿಕೆ ಇದೆ. ಲೆಕ್ಕ ಹೋಯಿತೆಂದು ತಿಳಿದರೆ ರೈತರು ನಂಬಿಕೆ ಕಳೆದುಕೊಳ್ಳುತ್ತಾರೆ, ತೆರಿಗೆಯವರು ಅನುಮಾನಿಸುತ್ತಾರೆ ಎಂದು ವಿಷಯವನ್ನು ಮುಚ್ಚಿಡುತ್ತಾರೆ. ನಮ್ಮ ಸುದ್ದಿ ಹರಡಿದ ಮೇಲೆ ಇದೇ ರೀತಿ ಕಳೆದುಕೊಂಡಿದ್ದ ಇನ್ನಿಬ್ಬರು ರಾತ್ರಿ ಹೊತ್ತು ಬಂದು ತಮ್ಮ ಕಥೆ ಹೇಳಿದರು. ಅವರಲ್ಲಿ ಒಬ್ಬರು ನಮಗಿಂತ ಎಂಟು ತಿಂಗಳು ಮೊದಲೇ, ಅದೇ ರಿಮೋಟ್ ದಾರಿಯಿಂದ ಕಳೆದುಕೊಂಡಿದ್ದರು. ಆಗಲೇ ಅವರು ಹೇಳಿದ್ದರೆ ನಾವು ಆ ದಾರಿಯನ್ನು ಮುಚ್ಚುತ್ತಿದ್ದೆವು. ನಮ್ಮ ಸಾಹುಕಾರರು ಅಂಗಡಿಯ ಹೆಸರು ಬರೆಯುವುದು ಬೇಡ ಎಂದಿದ್ದಾರೆ, ಆ ಮಾತನ್ನು ನಾನು ಮೀರಿಲ್ಲ. ಆದರೆ ಏನು ನಡೆಯಿತೆಂಬುದನ್ನು ಬರೆಯಲು ಅವರು ಅಡ್ಡಿ ಮಾಡಲಿಲ್ಲ. ದೂರು ಕೊಡುವ ವ್ಯವಸ್ಥೆ ಇಲ್ಲವೆಂದಲ್ಲ. ಜಿಲ್ಲಾ ಕೇಂದ್ರದಲ್ಲಿ ಸೈಬರ್ ಅಪರಾಧಗಳಿಗೆ ಸಿಇಎನ್ ಠಾಣೆ ಇದೆ, ಹಣ ಹೋದಾಗ ಕೂಡಲೇ ಕರೆ ಮಾಡಲು 1930 ಎಂಬ ಸಹಾಯವಾಣಿ ಇದೆ, ಕಂಪ್ಯೂಟರ್ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ ಸಂಸ್ಥೆಗಳು ಇಂತಹ ದಾಳಿಗಳನ್ನು 6 ಗಂಟೆಗಳೊಳಗೆ ತಿಳಿಸಬೇಕೆಂದು ಹೇಳಿದೆ, ವೈರಸ್ ತೆಗೆಯುವ ಉಚಿತ ಸಾಧನಗಳನ್ನು ಕೊಡುವ ಸೈಬರ್ ಸ್ವಚ್ಛತಾ ಕೇಂದ್ರವೂ 2017ರಿಂದ ಇದೆ. ನಮ್ಮ ಬೀದಿಯಲ್ಲಿ ನಾನು ವಿಚಾರಿಸಿದವರಲ್ಲಿ 1930 ಒಂದನ್ನು ಬಿಟ್ಟು ಉಳಿದವುಗಳ ಹೆಸರು ಕೇಳಿದವರೇ ಇರಲಿಲ್ಲ.

ಆದ್ದರಿಂದ ಕೆಲವು ಕೋರಿಕೆಗಳನ್ನು ತಮ್ಮ ಪತ್ರಿಕೆಯ ಮೂಲಕ ಸಂಬಂಧಪಟ್ಟವರ ಮುಂದಿಡುತ್ತೇನೆ. ಸರ್ಕಾರಿ ಕಚೇರಿಗಳಲ್ಲಿ, ಸಹಕಾರ ಸಂಘಗಳಲ್ಲಿ ಕಂಪ್ಯೂಟರ್ ಸುರಕ್ಷತೆಯ ತಪಾಸಣೆ ಮಾಡುವ ಅಧಿಕಾರಿಗಳು ಆಂಟಿವೈರಸ್ ಖರೀದಿಯ ಬಿಲ್ ನೋಡಿ ಸಹಿ ಹಾಕಿದರೆ ಸಾಲದು. ಬ್ಯಾಕಪ್ಪಿನಿಂದ ಮಾಹಿತಿಯನ್ನು ಮರಳಿ ತೆಗೆದು ಪರೀಕ್ಷಿಸಿದ ಕೊನೆಯ ದಿನಾಂಕ ಯಾವುದು, ಆ ಬ್ಯಾಕಪ್ ಕಂಪ್ಯೂಟರಿನಿಂದ ಬೇರ್ಪಟ್ಟು ಎಲ್ಲಿದೆ ಎಂಬ ಎರಡು ಪ್ರಶ್ನೆಗಳನ್ನು ಕೇಳಲೇಬೇಕು. ತುಂಗಭದ್ರಾ ಅಚ್ಚುಕಟ್ಟಿನ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಕ್ರಸ್ಟ್ ಗೇಟ್ ಸರಪಳಿ ತುಂಡಾಗಿ ಕೊಚ್ಚಿಹೋದಾಗ, ಅದರ ಜಾಗದಲ್ಲಿ ಇಳಿಸಬೇಕಾದ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ಗೇಟ್ ಸಿದ್ಧವಾಗಿ ಇರಲಿಲ್ಲ. ಅದನ್ನು ತಯಾರಿಸಿ ತಂದು ಇಳಿಸುವವರೆಗೆ ಎರಡನೇ ಬೆಳೆಯ ನೀರು ನದಿಗೆ ಹರಿದುಹೋಗುವುದನ್ನು ಎದೆ ಬಡಿದುಕೊಳ್ಳುತ್ತ ನೋಡಿದವರು ನಾವು. ಮಾರುಕಟ್ಟೆಯ ವರ್ತಕರ ಸಂಘಗಳು ಸುಗ್ಗಿಗೆ ಮೊದಲು ಒಂದು ದಿನ ಗುಮಾಸ್ತರನ್ನೆಲ್ಲ ಕೂಡಿಸಿ, ಬ್ಯಾಕಪ್ ತೆಗೆಯುವುದು, ಪಾಸ್‌ವರ್ಡ್ ಇಡುವುದು, ರಿಮೋಟ್ ದಾರಿಯನ್ನು ಮುಚ್ಚುವುದು ಹೇಗೆಂದು ಕೈಹಿಡಿದು ಕಲಿಸುವ ಏರ್ಪಾಡು ಮಾಡಬೇಕು. ನಮ್ಮ ಭಾಗದ ಬಿಸಿಎ, ಪಾಲಿಟೆಕ್ನಿಕ್ ವಿದ್ಯಾರ್ಥಿಗಳಿಗೆ ಪ್ರಾಜೆಕ್ಟ್ ಹೆಸರಿನಲ್ಲಿ ಈ ಕೆಲಸ ವಹಿಸಿದರೆ ಅವರಿಗೂ ಕಲಿಕೆ, ನಮಗೂ ಅನುಕೂಲ. ತಮ್ಮ ಪತ್ರಿಕೆಯಲ್ಲಿ ಪೇಟೆ ಧಾರಣೆ ಅಚ್ಚಾಗುವ ಪುಟದಲ್ಲಿಯೇ, ವಾರಕ್ಕೊಮ್ಮೆಯಾದರೂ, ಹೊಸದಾಗಿ ಬಂದಿರುವ ಮೋಸಗಳ ವಿವರವನ್ನು ಸರಳ ಕನ್ನಡದಲ್ಲಿ ಕೊಡಬೇಕೆಂದು ವಿನಂತಿಸುತ್ತೇನೆ. ಆ ಪುಟವನ್ನು ನಮ್ಮವರು ತಪ್ಪದೆ ಓದುತ್ತಾರೆ.

ನಮ್ಮ ಅಂಗಡಿಯಲ್ಲಿ ಈಗ ಅಸಲಿ ವಿಂಡೋಸ್ ಇದೆ, ಆಂಟಿವೈರಸ್ಸೂ ಇದೆ. ಲೆಕ್ಕ ಬರೆಯಲು ನಾನು ಬಳಸುವ ಲಾಗಿನ್ನಿಗೆ ಹೊಸ ಪ್ರೋಗ್ರಾಮು ಹಾಕುವ ಅಧಿಕಾರವೇ ಇಲ್ಲ. ಆ ಅಧಿಕಾರವಿರುವ ಲಾಗಿನ್ನಿನ ಪಾಸ್‌ವರ್ಡ್ ಸಾಹುಕಾರರ ಬಳಿ ಇದೆ. ಬೆಂಗಳೂರಿಗೆ ದಿನದ ಲೆಕ್ಕ ಪಿಡಿಎಫ್ ಆಗಿ ಹೋಗುತ್ತದೆ, ರಿಮೋಟ್ ದಾರಿಯನ್ನು ಮುಚ್ಚಿಸಿದ್ದೇವೆ. ನಾಲ್ಕೈದು ಸಾವಿರ ರೂಪಾಯಿಯ ಎರಡು ಹಾರ್ಡ್ ಡಿಸ್ಕ್ ತಂದಿದ್ದೇವೆ. ಒಂದು ಅಂಗಡಿಯ ತಿಜೋರಿಯಲ್ಲಿ, ಇನ್ನೊಂದು ಸಾಹುಕಾರರ ಮನೆಯಲ್ಲಿ ಇರುತ್ತವೆ. ದಿನ ಬಿಟ್ಟು ದಿನ ಅದಲುಬದಲು ಮಾಡುತ್ತೇವೆ, ಬ್ಯಾಕಪ್ ಮುಗಿದ ಕೂಡಲೇ ಕೇಬಲ್ ಕಿತ್ತು ಒಳಗಿಡುತ್ತೇವೆ. ಅಮಾವಾಸ್ಯೆಯಂದು ವ್ಯಾಪಾರ ಇರುವುದಿಲ್ಲವಾದ್ದರಿಂದ ಅಂದು ಬೆಳಿಗ್ಗೆ ಪೂಜೆ ಮುಗಿಸಿ, ಆ ಡಿಸ್ಕಿನಿಂದ ಲೆಕ್ಕವನ್ನು ಹಳೆಯ ಲ್ಯಾಪ್‌ಟಾಪ್ ಒಂದಕ್ಕೆ ಮರಳಿ ತೆಗೆದು, ಯಾವುದಾದರೂ ಮೂವರು ರೈತರ ಖಾತೆಗಳನ್ನು ಅವರ ಪಟ್ಟಿಯ ಜತೆ ತಾಳೆ ನೋಡಿ, ತಾಳೆಯಾಯಿತೆಂದು ಹಳೆಯ ಕೆಂಪು ಕಿರ್ದಿಯಲ್ಲಿ ದಿನಾಂಕ ಹಾಕಿ ಸಹಿ ಮಾಡುತ್ತೇನೆ. ನಮ್ಮ ಮಾರುಕಟ್ಟೆಯ ಯಾರಿಗೇ ಆಗಲಿ ಇದನ್ನು ಕಲಿಯಬೇಕೆಂದಿದ್ದರೆ ಅಂದು ಬಂದು ನೋಡಬಹುದು, ನನಗೆ ತಿಳಿದಷ್ಟನ್ನು ಹೇಳಿಕೊಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಅಡತಿ ಅಂಗಡಿಯ ಗುಮಾಸ್ತ
ಗಂಗಾವತಿ, ಕೊಪ್ಪಳ ಜಿಲ್ಲೆ